ದಂಡು ಹೋಯಿತು, ಕೋಟೆ ಉಳಿಯಿತು

ದಕ್ಷಿಣ ವೇಲ್ಸ್‌ನ ನ್ಯೂಪೋರ್ಟ್ ನಗರಕ್ಕೆ ಅಂಟಿಕೊಂಡಂತೆ, ಅಸ್ಕ್ ನದಿ ಬಾಗಿ ಹರಿಯುವಲ್ಲಿ, ಕೇರ್ಲಿಯನ್ ಎಂಬ ಸಣ್ಣ ಊರಿದೆ. ಊರಂಚಿನ ಬಯಲಿನಲ್ಲಿ ಮೊಟ್ಟೆಯಾಕಾರದ ದೊಡ್ಡ ತಗ್ಗೊಂದಿತ್ತು. ಸುತ್ತಲೂ ಮಣ್ಣಿನ ದಿಬ್ಬ, ಒಳಗೆಲ್ಲ ಹುಲ್ಲು. ಊರವರು ತಲೆಮಾರುಗಳಿಂದ ಅದನ್ನು ಆರ್ಥರ್ ದೊರೆಯ ದುಂಡುಮೇಜು ಎಂದು ಕರೆಯುತ್ತಿದ್ದರು. ಆರ್ಥರನ ಆಸ್ಥಾನ ಕೇರ್ಲಿಯನ್ನಿನಲ್ಲೇ ಮೆರೆಯಿತು ಎಂದು ಮನ್ಮತ್‌ನ ಜೆಫ್ರಿ 12ನೇ ಶತಮಾನದಲ್ಲಿ ಬರೆದಿದ್ದ. ಆ ಕಥೆಯನ್ನು ಜನ ಬಿಟ್ಟುಕೊಡಲಿಲ್ಲ. 1926ರಲ್ಲಿ ಅಲ್ಲಿ ಉತ್ಖನನಕ್ಕೆ ಹೊರಟಾಗ ಲಂಡನ್ನಿನ ‘ಡೇಲಿ ಮೇಲ್’ ಪತ್ರಿಕೆ ಹಣ ಕೊಟ್ಟದ್ದಕ್ಕೂ ಆರ್ಥರನ ಹೆಸರಿನ ಸೆಳೆತವೇ ಕಾರಣ.

ಹುಲ್ಲಿನ ಕೆಳಗಿನಿಂದ ಎದ್ದುಬಂದದ್ದು ರೋಮನ್ನರ ಆಂಫಿಥಿಯೇಟರ್. ಕ್ರಿ.ಶ. 90ರ ಸುಮಾರಿಗೆ ಕಟ್ಟಿದ್ದು, ಆರು ಸಾವಿರ ಜನ ಕೂತು ಕಾದಾಟ ನೋಡಬಹುದಾದ ರಂಗ. ಗೋಡೆಯ ಕಲ್ಲುಗಳಲ್ಲಿ ಕೆಲವು ಕಡೆ ಸೈನಿಕರ ತುಕಡಿಗಳ ಹೆಸರು ಕೊರೆದಿದ್ದವು. ಯಾವ ತುಕಡಿ ಎಷ್ಟು ಭಾಗ ಕಟ್ಟಿತು ಎಂಬ ಲೆಕ್ಕ ಅದು. ರಂಗದ ನೆಲದಲ್ಲಿ ಸೀಸದ ತಗಡೊಂದು ಸಿಕ್ಕಿತು. ಮೇಲಂಗಿ ಮತ್ತು ಬೂಟುಗಳ ವಿಚಾರದಲ್ಲಿ ಒಬ್ಬನ ಮೇಲೆ ಸಿಟ್ಟಾದ ಯಾರೋ, ಪ್ರತೀಕಾರದ ದೇವತೆ ನೆಮೆಸಿಸ್‌ಗೆ ಬರೆದ ಶಾಪ ಅದರಲ್ಲಿತ್ತು. ಈ ಉತ್ಖನನದ ಬಹುಪಾಲು ಹೊಣೆ ಹೊತ್ತವರು ಟೆಸ್ಸಾ ವೀಲರ್. ಅವರ ಗಂಡ ಮಾರ್ಟಿಮರ್ ವೀಲರ್ ಆ ವೇಳೆಗೆ ಲಂಡನ್ ಮ್ಯೂಸಿಯಂನ ಕೆಲಸಕ್ಕೆ ಹೋಗಿಯಾಗಿತ್ತು. ಮುಂದೆ ಮಾರ್ಟಿಮರ್‌ಗೆ ಬಂದ ಹೆಸರಿನ ನೆರಳಿನಲ್ಲಿ ಟೆಸ್ಸಾ ಮಾಡಿದ ಕೆಲಸ ಬಹಳ ಕಾಲ ಮರೆಯಾಗಿತ್ತು. ಈಗೀಗ ಅದಕ್ಕೆ ಸಲ್ಲಬೇಕಾದ ಮನ್ನಣೆ ಸಿಗುತ್ತಿದೆ.

ಒಂದು ಸೈನ್ಯದ ಕಟ್ಟಡವನ್ನು ಊರವರು ತಮ್ಮ ದೊರೆಯ ಮೇಜು ಮಾಡಿಕೊಂಡದ್ದು ಆಕಸ್ಮಿಕವಲ್ಲ. ವೇಲ್ಸ್‌ನಲ್ಲಿ ರೋಮನ್ನರ ಕಥೆಯುದ್ದಕ್ಕೂ ಇದೇ ನಡೆದಿದೆ. ತಮ್ಮನ್ನು ಕತ್ತಿಯಿಂದ ಮಣಿಸಿದವರನ್ನು ಇಲ್ಲಿನ ಜನ ಕಾಲಾಂತರದಲ್ಲಿ ಪೂರ್ವಜರ ಸಾಲಿಗೆ ಸೇರಿಸಿಕೊಂಡರು. ಅದು ಹೇಗಾಯಿತು ಎಂದು ತಿಳಿಯಬೇಕಾದರೆ ಮೊದಲು ಆ ಯುದ್ಧ ಎಷ್ಟು ಕಠಿಣವಾಗಿತ್ತು ಎಂಬುದನ್ನು ನೋಡಬೇಕು.

ಚಕ್ರವರ್ತಿ ಕ್ಲಾಡಿಯಸ್‌ನ ಸೇನೆ ಬ್ರಿಟನ್ ದ್ವೀಪಕ್ಕೆ ಕಾಲಿಟ್ಟದ್ದು ಕ್ರಿ.ಶ. 43ರಲ್ಲಿ. ಆಗ್ನೇಯದ ಬಯಲು ಸೀಮೆ ಬೇಗನೆ ಶರಣಾಯಿತು. ಅಲ್ಲಿನ ಅರಸು ಮನೆತನದ ಕರಾಟಕಸ್ ಮಾತ್ರ ಸೋತ ಮೇಲೂ ಸುಮ್ಮನಾಗಲಿಲ್ಲ. ಪಶ್ಚಿಮದ ಬೆಟ್ಟಗಳಿಗೆ ಬಂದ. ಅಲ್ಲಿ ದಕ್ಷಿಣದಲ್ಲಿ ಸಿಲ್ಯೂರೀಸ್, ಉತ್ತರ ಮತ್ತು ನಡುನಾಡಿನಲ್ಲಿ ಆರ್ಡೊವೀಸೀಸ್ ಎಂಬ ಬುಡಕಟ್ಟುಗಳಿದ್ದವು. ಅವನು ಅವರಲ್ಲಿ ಹುಟ್ಟಿದವನಲ್ಲ, ಆದರೂ ಅವರು ಅವನನ್ನು ನಾಯಕನೆಂದು ಒಪ್ಪಿದರು. 51ರಲ್ಲಿ ಗವರ್ನರ್ ಆಸ್ಟೋರಿಯಸ್ ಸ್ಕ್ಯಾಪುಲ ಅವನ ಕೊನೆಯ ಬೆಟ್ಟದ ನೆಲೆಯನ್ನು ಗೆದ್ದ. ಕರಾಟಕಸ್ ಉತ್ತರದ ಬ್ರಿಗಾಂಟೀಸ್ ಜನರ ರಾಣಿ ಕಾರ್ಟಿಮಾಂಡುವಳ ಆಶ್ರಯಕ್ಕೆ ಓಡಿದ. ಅವಳು ಅವನನ್ನು ಹಿಡಿದು ರೋಮನ್ನರಿಗೆ ಒಪ್ಪಿಸಿದಳು. ರೋಮ್ ನಗರದಲ್ಲಿ ಸಂಕೋಲೆ ತೊಡಿಸಿ ಮೆರವಣಿಗೆ ಮಾಡಿದಾಗ ಅವನು ತಲೆ ತಗ್ಗಿಸದೆ ಮಾತಾಡಿದ ರೀತಿಗೆ ಮೆಚ್ಚಿ ಕ್ಲಾಡಿಯಸ್ ಜೀವದಾನ ಮಾಡಿದನೆಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ವೇಲ್ಸ್‌ನವರು ಅವನನ್ನು ಇವತ್ತಿಗೂ ಕರಾಡೊಗ್ ಎಂದು ನೆನೆಯುತ್ತಾರೆ, ಗಂಡುಮಕ್ಕಳಿಗೆ ಆ ಹೆಸರಿಡುತ್ತಾರೆ.

ನಾಯಕ ಸೆರೆಯಾದ ಮೇಲೆ ಯುದ್ಧ ಮುಗಿಯಬೇಕಿತ್ತು. ಸಿಲ್ಯೂರೀಸ್ ಇನ್ನಷ್ಟು ಕೆರಳಿದರು. ಕಾಡಿನಲ್ಲಿ, ಕಣಿವೆಯಲ್ಲಿ, ಕೋಟೆ ಕಟ್ಟಲು ಬಂದ ತುಕಡಿಗಳ ಮೇಲೆ, ಮೇವು ತರಲು ಹೋದವರ ಮೇಲೆ ಬಿದ್ದು ಹೊಡೆದರು. ಆಸ್ಟೋರಿಯಸ್ ದಣಿವು, ಚಿಂತೆಯಲ್ಲಿ 52ರಲ್ಲಿ ತೀರಿಕೊಂಡ. ಹೊಸ ಗವರ್ನರ್ ಬರುವಷ್ಟರಲ್ಲಿ ಒಂದಿಡೀ ಲೀಜನ್ ಅವರ ಕೈಯಲ್ಲಿ ಸೋತಿತ್ತು. ಲೀಜನ್ ಎಂದರೆ ಐದು ಸಾವಿರಕ್ಕೂ ಮಿಕ್ಕಿದ ಕಾಲಾಳುಗಳ, ರೋಮನ್ ಪೌರತ್ವ ಇದ್ದವರೇ ಸೇರುತ್ತಿದ್ದ ಸೇನಾ ವಿಭಾಗ. ಅಂಥದ್ದನ್ನು ಸೋಲಿಸುವುದು ಸಣ್ಣ ಮಾತಲ್ಲ. ದಯೆಗೂ ದಂಡನೆಗೂ ಬಗ್ಗದ ಜನ ಎಂದು ಟ್ಯಾಸಿಟಸ್ ಸಿಲ್ಯೂರೀಸರ ಬಗ್ಗೆ ಹೇಳುವಾಗ ಅವನ ದನಿಯಲ್ಲಿ ಸಿಟ್ಟಿಗಿಂತ ಗೌರವವೇ ನನಗೆ ಕೇಳಿಸುತ್ತದೆ.

ಉತ್ತರದ ತುದಿಯ ಆಂಗಲ್‌ಸೀ ದ್ವೀಪಕ್ಕೆ ದಂಡು ಹೋದದ್ದು 60ರ ಆಸುಪಾಸಿನಲ್ಲಿ. ಡ್ರೂಯಿಡ್ ಎಂಬ ಪುರೋಹಿತರ ಕೇಂದ್ರ ಅದು. ಸೋತು ಓಡಿಬಂದವರಿಗೆ ಆಶ್ರಯದ ತಾಣವೂ ಹೌದು. ಗವರ್ನರ್ ಸ್ವಿಟೋನಿಯಸ್ ಪೌಲಿನಸ್ ಚಪ್ಪಟೆ ತಳದ ದೋಣಿಗಳಲ್ಲಿ ಕಾಲಾಳುಗಳನ್ನು ದಾಟಿಸಿದ. ಕುದುರೆ ಸವಾರರು ಕಡಲ ಕವಲನ್ನು ಈಜಿ ದಾಟಿದರು. ಆಚೆ ದಡದಲ್ಲಿ ಕಪ್ಪು ಉಡುಗೆಯ ಹೆಂಗಸರು ಕೂದಲು ಕೆದರಿ ಪಂಜು ಹಿಡಿದು ಓಡಾಡುವುದನ್ನೂ ಪುರೋಹಿತರು ಆಕಾಶಕ್ಕೆ ಕೈಯೆತ್ತಿ ಶಪಿಸುವುದನ್ನೂ ಕಂಡು ಸೈನಿಕರು ಕೆಲ ಹೊತ್ತು ಮರಗಟ್ಟಿ ನಿಂತರಂತೆ. ಆಮೇಲೆ ನಡೆದದ್ದು ಕಗ್ಗೊಲೆ. ಪವಿತ್ರ ತೋಪುಗಳನ್ನೂ ಕಡಿದುಹಾಕಿದರು. ಅಷ್ಟರಲ್ಲಿ ಪೂರ್ವದಲ್ಲಿ ರಾಣಿ ಬೌಡಿಕಾಳ ದಂಗೆ ಎದ್ದ ಸುದ್ದಿ ಬಂದು ಪೌಲಿನಸ್ ಹಿಂದಿರುಗಬೇಕಾಯಿತು.

ಆ ದ್ವೀಪದಲ್ಲಿ ರೋಮನ್ನರಿಗಿಂತ ಹಿಂದಿನ ಜನ ಹೇಗಿದ್ದರು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಎರಡನೇ ಮಹಾಯುದ್ಧದ ನಡುವೆ. 1940ರ ದಶಕದ ಆರಂಭದಲ್ಲಿ ವಾಯುಪಡೆಯ ವ್ಯಾಲಿ ವಿಮಾನ ನಿಲ್ದಾಣಕ್ಕಾಗಿ ಲಿನ್ ಕೆರಿಗ್ ಬಾಖ್ ಎಂಬ ಸಣ್ಣ ಕೆರೆಯ ಅಂಚಿನ ಜೌಗು ಮಣ್ಣನ್ನು ತೆಗೆಯುತ್ತಿದ್ದಾಗ ಕಬ್ಬಿಣದ ದೊಡ್ಡ ಸರಪಳಿ ಸಿಕ್ಕಿತು. ಕೆಸರಲ್ಲಿ ಹೂತ ಲಾರಿಗಳನ್ನು ಎಳೆಯಲು ಕೆಲಸದವರು ಅದನ್ನು ಟ್ರ್ಯಾಕ್ಟರಿಗೆ ಕಟ್ಟಿದರು, ಸರಪಳಿ ತುಂಡಾಗಲಿಲ್ಲ. ಆಮೇಲೆ ಗೊತ್ತಾಯಿತು, ಅದು ಎರಡು ಸಾವಿರ ವರ್ಷ ಹಳೆಯದು, ಗುಲಾಮರನ್ನು ಸಾಲಾಗಿ ಕುತ್ತಿಗೆಗೆ ಕಟ್ಟಿ ನಡೆಸುವಂಥದ್ದು. ಕತ್ತಿ, ಭರ್ಜಿ, ರಥದ ಭಾಗಗಳೊಂದಿಗೆ ಅದನ್ನೂ ದೇವರಿಗೆಂದು ನೀರಿಗೆ ಹಾಕಿದ್ದರು. ರೋಮನ್ನರ ದಾಳಿಯನ್ನು ನೆನೆದು ಮರುಗುವಾಗ ಈ ಸರಪಳಿಯನ್ನೂ ನೆನೆಯಬೇಕು. ಮುರಿದುಬಿದ್ದ ಆ ಲೋಕದಲ್ಲೂ ಕೊರಳಿಗೆ ಕಬ್ಬಿಣ ಹಾಕಿಸಿಕೊಂಡವರಿದ್ದರು.

ಕೊನೆಗೆ ಸಿಲ್ಯೂರೀಸರನ್ನು ಮಣಿಸಿದವನು 74ರಲ್ಲಿ ಗವರ್ನರ್ ಆಗಿ ಬಂದ ಜೂಲಿಯಸ್ ಫ್ರಾಂಟಿನಸ್. ಮುಂದೆ ರೋಮ್ ನಗರದ ನೀರು ಸರಬರಾಜಿನ ಮುಖ್ಯಸ್ಥನಾಗಿ, ಅಲ್ಲಿನ ಮೇಲ್ಗಾಲುವೆಗಳ ಬಗ್ಗೆ ಪುಸ್ತಕ ಬರೆದವನೂ ಇವನೇ. ಕೇರ್ಲಿಯನ್‌ನಲ್ಲಿ ಎರಡನೇ ಅಗಸ್ಟಾ ಲೀಜನ್ನಿಗೆ ಕಾಯಂ ಕೋಟೆ ಎದ್ದದ್ದು ಇವನ ಕಾಲದಲ್ಲೇ. ಇವನ ನಂತರ ಬಂದ ಅಗ್ರಿಕೊಲ, ಒಂದು ಕುದುರೆ ಪಡೆಯನ್ನು ಆರ್ಡೊವೀಸೀಸ್ ನಾಶ ಮಾಡಿದ್ದಕ್ಕೆ ಪ್ರತಿಯಾಗಿ ಆ ಬುಡಕಟ್ಟನ್ನೇ ಬಹುತೇಕ ಇಲ್ಲವಾಗಿಸಿದ. ಹೀಗೆ ಹೇಳುವವನು ಟ್ಯಾಸಿಟಸ್. ಅವನು ಅಗ್ರಿಕೊಲನ ಅಳಿಯ, ಮಾವನನ್ನು ಹೊಗಳಲೆಂದೇ ಆ ಪುಸ್ತಕ ಬರೆದವನು. ಒಂದು ಜನಾಂಗವನ್ನು ಅಳಿಸಿದ್ದು ಅಲ್ಲಿ ಹೊಗಳಿಕೆಯ ಪಟ್ಟಿಯಲ್ಲಿದೆ.

ಗೆದ್ದ ನಾಡನ್ನು ಹಿಡಿದಿಡುವ ಬಗೆ ಭೂಪಟದಲ್ಲಿ ಇವತ್ತಿಗೂ ಕಾಣುತ್ತದೆ. ಕೇರ್ಲಿಯನ್ ಒಂದು ಮೂಲೆ, ಈಗ ಇಂಗ್ಲೆಂಡ್‌ನಲ್ಲಿರುವ ಚೆಸ್ಟರ್ ಇನ್ನೊಂದು ಮೂಲೆ. ಎರಡೂ ಕಡೆ ಒಂದೊಂದು ಲೀಜನ್. ಇವುಗಳ ನಡುವೆ, ಪಶ್ಚಿಮದ ಕಡಲವರೆಗೆ, ನದಿ ಕಣಿವೆಗಳಲ್ಲಿ ಸಣ್ಣ ಕೋಟೆಗಳು. ಒಂದರಿಂದ ಇನ್ನೊಂದಕ್ಕೆ ಸೈನಿಕರು ಹಗಲೊಂದರಲ್ಲಿ ನಡೆದು ತಲುಪುವಂತೆ ರಸ್ತೆ. ಕೋಟೆಗಳ ಆಕಾರ ಎಲ್ಲೆಡೆ ಒಂದೇ: ಮೂಲೆ ದುಂಡಗಾದ ಇಸ್ಪೀಟೆಲೆಯಂಥ ಆಯತ, ನಾಲ್ಕು ಬಾಗಿಲು, ನಟ್ಟನಡುವೆ ದಂಡನಾಯಕನ ಕಚೇರಿ. ಲಾಂಡ್ರಿಂಡಾಡ್ ಪಟ್ಟಣದ ಹತ್ತಿರದ ಗೋಮಾಳದಲ್ಲಿ ಸೈನಿಕರು ಪಾಳಯ ಕಟ್ಟುವುದನ್ನು ಕಲಿಯಲು ತೋಡಿದ ಪುಟ್ಟ ಪುಟ್ಟ ಮಾದರಿಗಳ ಗುರುತು ಹಲವಾರಿವೆ. ಉದ್ದ ಗೋಡೆ ತೋಡುವುದು ಸುಲಭ, ದುಂಡು ಮೂಲೆ ಮತ್ತು ಬಾಗಿಲ ಅಡ್ಡದಿಬ್ಬ ಕಷ್ಟ. ಹಾಗಾಗಿ ಅವುಗಳನ್ನೇ ಮತ್ತೆ ಮತ್ತೆ ಮಾಡಿಸಿದ್ದಾರೆ.

ಈ ಕೋಟೆಗಳಲ್ಲಿದ್ದವರಲ್ಲಿ ರೋಮ್ ನಗರ ಕಂಡವರೇ ಅಪರೂಪ. ಬ್ರೆಕನ್ ಗೇರ್ ಕೋಟೆಯಲ್ಲಿದ್ದದ್ದು ಸ್ಪೇನ್‌ನ ವೆಟ್ಟೋನ್ ಜನರ ಹೆಸರಿನ ಕುದುರೆ ಪಡೆ. ಅಲ್ಲಿ ಸಿಕ್ಕ ಒಡೆದ ಸಮಾಧಿಗಲ್ಲೊಂದು ಆ ಪಡೆಯ ಸವಾರನದು: ವಯಸ್ಸು 20, ಸೇವೆ 3 ವರ್ಷ. ವಾಯವ್ಯದ ಸೆಗೊಂಟಿಯಂ ಕೋಟೆಯ ನೀರಿನ ಕಾಲುವೆ ಹಾಳಾದಾಗ ದುರಸ್ತಿ ಮಾಡಿದ್ದು ರೈನ್ ನದಿ ಸೀಮೆಯ ಸುನುಕಿ ಜನರ ದಳ. ಆ ಶಾಸನವೂ ಉಳಿದಿದೆ. ಒಬ್ಬರ ನೆಲದಿಂದ ಎಬ್ಬಿಸಿ ತಂದವರನ್ನು ಇನ್ನೊಬ್ಬರ ನೆಲ ಕಾಯಲು ನಿಲ್ಲಿಸುವುದು ಸಾಮ್ರಾಜ್ಯದ ನೀತಿ. ಇಪ್ಪತ್ತೈದು ವರ್ಷ ದುಡಿದರೆ ಕೈಗೆ ಪೌರತ್ವ.

ಕೇರ್ಲಿಯನ್‌ನ ಕೋಟೆ ಐವತ್ತು ಎಕರೆಯಷ್ಟು ವಿಸ್ತಾರ. ಅದರ ಒಂದು ಮೂಲೆಯಲ್ಲಿ, ಪ್ರಿಸ್ಗ್ ಫೀಲ್ಡ್ ಎಂಬಲ್ಲಿ, ಸೈನಿಕರ ವಸತಿ ಸಾಲುಗಳ ತಳಪಾಯ ಬಯಲಿಗೆ ತೆರೆದಿದೆ. ಲೀಜನ್ನಿನ ವಸತಿ ಹೀಗೆ ಕಣ್ಣಿಗೆ ಕಾಣುವ ಜಾಗ ಯೂರೋಪಿನಲ್ಲಿ ಬೇರೆಲ್ಲೂ ಇಲ್ಲ. ಎಂಟು ಜನಕ್ಕೆ ಎರಡು ಸಣ್ಣ ಕೋಣೆ: ಒಂದು ಮಲಗಲು, ಇನ್ನೊಂದು ಆಯುಧ, ಸಾಮಾನು ಇಡಲು. ಸಾಲಿನ ತುದಿಯಲ್ಲಿ ತುಕಡಿಯ ಮುಖ್ಯಸ್ಥ ಸೆಂಚುರಿಯನ್‌ಗೆ ವಿಶಾಲವಾದ ಮನೆ. ಕೋಟೆಗೋಡೆಯ ಒಳಮೈಗೆ ಅಡುಗೆಯ ಒಲೆಗೂಡುಗಳು, ಮೂಲೆಯಲ್ಲಿ ಎಲ್ಲರಿಗೂ ಒಂದೇ ಕಕ್ಕಸು. ಪುಸ್ತಕಗಳಲ್ಲಿ ಲೀಜನ್ ಎಂದರೆ ಗುರಾಣಿಗಳ ಸಾಲು. ಆ ಕೋಣೆಗಳ ಇಕ್ಕಟ್ಟು ನೋಡಿದಾಗ ಅದು ಮನುಷ್ಯರ ಗುಂಪಾಗುತ್ತದೆ.

ಸ್ನಾನಗೃಹದ ಕಥೆ ಇನ್ನೂ ಹತ್ತಿರದ್ದು. ಬಿಸಿ ಕೋಣೆ, ಬೆಚ್ಚನೆ ಕೋಣೆ, ತಣ್ಣೀರ ಕೋಣೆ, ಹೊರಗೆ ಉದ್ದನೆಯ ಈಜುಕೊಳ. ಚಳಿನಾಡಿಗೆ ಬಂದವರಿಗೆ ಇದೇ ಕ್ಲಬ್ಬು, ಇದೇ ಹರಟೆಕಟ್ಟೆ. ಕಟ್ಟಡದ ಚರಂಡಿಯನ್ನು ಬಗೆದಾಗ ಉಂಗುರದಲ್ಲಿ ಕೂರಿಸುವ, ಚಿತ್ರ ಕೊರೆದ ಹರಳುಗಳು 88 ಸಿಕ್ಕವು. ಬಿಸಿಯ ಹಬೆಗೆ ಅಂಟು ಸಡಿಲವಾಗಿ ಹರಳು ಉದುರುತ್ತಿತ್ತು, ನೀರಿನೊಂದಿಗೆ ಚರಂಡಿ ಸೇರುತ್ತಿತ್ತು. ಮುದ್ರೆ ಒತ್ತಲು, ಅದೃಷ್ಟಕ್ಕೆ, ಒಲಿದ ದೇವರ ನೆನಪಿಗೆ ತೊಟ್ಟ ಹರಳುಗಳು. ಮನೆಗೆ ಹೋಗಿ ಬೆರಳು ನೋಡಿಕೊಂಡವರ ಪೇಚಾಟವನ್ನು ಊಹಿಸಲು ಇತಿಹಾಸದ ಪದವಿ ಬೇಕಿಲ್ಲ.

ಊರಿನ ಲೀಜನ್ ಮ್ಯೂಸಿಯಂನಲ್ಲಿ ಸಮಾಧಿಗಲ್ಲುಗಳಿವೆ. ಅವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಕುಟುಂಬದ ಕಲ್ಲು. ಟಾಡಿಯಾ ವಲ್ಲೌನಿಯಸ್ ಎಂಬ ತಾಯಿ 65 ವರ್ಷ ಬದುಕಿದಳು. ಮಗ ಟಾಡಿಯಸ್ ಎಕ್ಸೂಪರ್ಟಸ್ 37ಕ್ಕೆ ಜರ್ಮನಿಯ ದಂಡಯಾತ್ರೆಯಲ್ಲಿ ಸತ್ತ. ಇಬ್ಬರಿಗೂ ಸೇರಿಸಿ, ಅಪ್ಪನ ಸಮಾಧಿಯ ಪಕ್ಕದಲ್ಲಿ, ಮಗಳು ಟಾಡಿಯಾ ಎಕ್ಸೂಪರಾಟಾ ಕಲ್ಲು ನೆಡಿಸಿದ್ದಾಳೆ. ವಲ್ಲೌನಿಯಸ್ ಎಂಬುದು ಲ್ಯಾಟಿನ್ ಹೆಸರಲ್ಲ, ಕೆಲ್ಟಿಕ್ ಮೂಲದ್ದು. ಅಂದರೆ ಇಷ್ಟು ಹೊತ್ತಿಗೆ ದಂಡು ಮತ್ತು ನಾಡು ಒಂದೇ ಮನೆಯೊಳಗೆ ಬಂದಿದ್ದವು. ಬೆಟ್ಟದ ಯುದ್ಧ ಮುಗಿದ ಮೇಲೆ ಆದ ದೊಡ್ಡ ಬದಲಾವಣೆ ಇದು. ಯಾವ ಗವರ್ನರನ ಚರಿತ್ರೆಯಲ್ಲೂ ಬರೆದಿಲ್ಲ.

ರೋಮನ್ನರು ಈ ಬೆಟ್ಟಗಳಿಗೆ ಬಂದದ್ದಕ್ಕೆ ಕಾರಣಗಳಲ್ಲಿ ಒಂದು ನೆಲದೊಳಗಿತ್ತು. ಕಾರ್ಮಾರ್ಥನ್‌ಶೈರ್‌ನ ಕೊಥಿ ನದಿಯ ಕಣಿವೆಯಲ್ಲಿ, ಪಿಮ್ಸೈಂಟ್ ಹಳ್ಳಿಯ ಬಳಿ, ಡೊಲೈಕೊಥಿ ಚಿನ್ನದ ಗಣಿ ಇದೆ. ಬ್ರಿಟನ್ನಿನಲ್ಲಿ ರೋಮನ್ನರು ಚಿನ್ನ ತೆಗೆದರೆಂದು ಖಚಿತವಾಗಿ ಗೊತ್ತಿರುವ ಜಾಗ ಇದು. ಕೋಲಾರ, ಹಟ್ಟಿಯ ಗಣಿಗಳ ಕಥೆ ಕೇಳಿ ಬೆಳೆದ ನಮಗೆ ಇಲ್ಲಿನ ಕೆಲಸದ ಬಗೆ ಕುತೂಹಲ ಹುಟ್ಟಿಸಬೇಕು. ಮೊದಲ ಕೆಲಸ ನೀರು ತರುವುದು. ಬೆಟ್ಟದ ಓರೆಯ ಮೇಲೆ, ಏಳು ಮೈಲಿ ಉದ್ದಕ್ಕೆ, ಇಳಿಜಾರು ಸ್ವಲ್ಪವೂ ಹೆಚ್ಚುಕಡಿಮೆಯಾಗದಂತೆ ಕಾಲುವೆ ಕಡಿದು ನದಿಯ ಮೇಲ್ದಂಡೆಯಿಂದ ನೀರನ್ನು ಗಣಿಯ ನೆತ್ತಿಗೆ ತಂದರು. ಅಲ್ಲಿ ತೊಟ್ಟಿಗಳಲ್ಲಿ ತುಂಬಿಸಿ, ತೂಬನ್ನು ಒಮ್ಮೆಲೇ ತೆರೆದು ನುಗ್ಗಿಸಿದರು. ನೀರಿನ ಹೊಡೆತಕ್ಕೆ ಮೇಲ್ಮಣ್ಣು ಕೊಚ್ಚಿಹೋಗಿ, ಕೆಳಗೆ ಬೆಣಚುಕಲ್ಲಿನ ಗೆರೆಗಳು ಕಂಡವು. ಚಿನ್ನ ಇರುವುದು ಅದರಲ್ಲಿ. ಆಮೇಲೆ ಬಯಲು ಗುಂಡಿ. ಗುಂಡಿ ಆಳವಾದಂತೆ ಸುರಂಗ. ಗಟ್ಟಿ ಬಂಡೆಗೆ ಬೆಂಕಿ ಹಾಕಿ ಕಾಯಿಸಿ ಬಿರುಕು ಬಿಡಿಸಿದರು. ಕೆಳಗೆ ತುಂಬಿಕೊಳ್ಳುವ ನೀರನ್ನು ಎತ್ತಿ ಹಾಕಲು ಮರದ ಚಕ್ರ ಬಳಸಿದರು. ಆ ಚಕ್ರದ ಒಂದು ತುಂಡು 1935ರಲ್ಲಿ, ಗಣಿಯನ್ನು ಮತ್ತೆ ತೆರೆದಿದ್ದಾಗ ಸಿಕ್ಕಿತು. ಈಗ ಕಾರ್ಡಿಫ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. 1938ರಲ್ಲಿ ಗಣಿ ಮುಚ್ಚಿತು. 1941ರಿಂದ ನ್ಯಾಷನಲ್ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತಿದೆ. ತಲೆಗೆ ಹೆಲ್ಮೆಟ್ಟು, ದೀಪ ಹಾಕಿಕೊಂಡು ಸುರಂಗದೊಳಗೆ ಹೋಗಿಬರಬಹುದು.

ಫ್ರಾಂಟಿನಸ್‌ನಂಥ ಜಲತಜ್ಞ ಆಳಿದ ವರ್ಷಗಳಲ್ಲೇ ಗಣಿಯ ಕೆಲಸ ಶುರುವಾದದ್ದನ್ನು ಕೆಲವರು ಎತ್ತಿ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಗಣಿಯ ಪಕ್ಕದಲ್ಲಿದ್ದ ಕೋಟೆ. ಚಿನ್ನ ಚಕ್ರವರ್ತಿಯ ಆಸ್ತಿ, ಅದಕ್ಕೆ ಕಾವಲು ಬೇಕು. ಕಾಲುವೆ ತೋಡಿದ, ಬೆಂಕಿಯ ಹೊಗೆ ಕುಡಿದ ಕೈಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಹೆಸರು ಬರೆಸಿದ ಸಿಲ್ಯೂರೀಸರನ್ನು ಕಾಣಬೇಕಾದರೆ ಕೇರ್ಲಿಯನ್ನಿಂದ ಪೂರ್ವಕ್ಕೆ, ಕೇರ್ವೆಂಟ್‌ಗೆ ಹೋಗಬೇಕು. ರೋಮನ್ನರ ಕಾಲದಲ್ಲಿ ಅದು ವೆಂಟಾ ಸಿಲ್ಯೂರಮ್, ಅಂದರೆ ಸಿಲ್ಯೂರೀಸರ ಪೇಟೆ. ಬೆಟ್ಟದ ಕೋಟೆಗಳಿಂದ ಇಳಿದುಬಂದ ಜನ ಇಲ್ಲಿ ಬೀದಿ, ಅಂಗಡಿ, ಸಭಾಭವನ, ದೇವಾಲಯ ಕಟ್ಟಿಕೊಂಡರು. ಯುದ್ಧದೇವತೆ ಮಾರ್ಸ್‌ನನ್ನು ತಮ್ಮ ಊರ ದೇವರು ಒಸೆಲಸ್‌ನೊಂದಿಗೆ ಜೋಡಿಸಿ ಒಂದೇ ಹೆಸರಲ್ಲಿ ಪೂಜಿಸಿದರು. 4ನೇ ಶತಮಾನದಲ್ಲಿ ಊರ ಸುತ್ತ ಎತ್ತಿದ ಕಲ್ಲಿನ ಗೋಡೆ ದಕ್ಷಿಣದ ಕಡೆ ಇಂದಿಗೂ ಐದು ಮೀಟರ್ ಎತ್ತರಕ್ಕೆ ನಿಂತಿದೆ. ಆಮೇಲೆ ಸೇರಿಸಿದ ಬತೇರಿಗಳೂ ಇವೆ. ಒಳಗೆ ಈಗಿನ ಹಳ್ಳಿ, ಹೊಲ, ಚರ್ಚು. ಗೋಡೆಯ ಮೇಲೆ ನಡೆಯುತ್ತಾ ಹೋದರೆ ಒಂದು ಕಡೆ ಜನರ ಹಿತ್ತಲು, ಇನ್ನೊಂದು ಕಡೆ ಹುಲ್ಲುಗಾವಲು. ಉತ್ತರ ಯೂರೋಪಿನಲ್ಲಿ ಇಷ್ಟು ಚೆನ್ನಾಗಿ ಉಳಿದ ರೋಮನ್ ಊರಗೋಡೆ ವಿರಳ, ಆದರೂ ಪ್ರವಾಸಿ ಬಸ್ಸುಗಳು ಇಲ್ಲಿಗೆ ಬರುವುದು ಕಡಿಮೆ. ಅದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಚರ್ಚಿನ ಮುಖಮಂಟಪದಲ್ಲಿ ಒಂದು ಶಾಸನವಿದೆ. 220ರ ಸುಮಾರಿನದು. ಟೈಬೀರಿಯಸ್ ಕ್ಲಾಡಿಯಸ್ ಪೌಲಿನಸ್ ಎಂಬವನು ಕೇರ್ಲಿಯನ್ನಿನ ಲೀಜನ್ನಿಗೆ ದಂಡನಾಯಕನಾಗಿದ್ದು, ಮುಂದೆ ಗೌಲ್‌ನಲ್ಲಿ, ಅಂದರೆ ಈಗಿನ ಫ್ರಾನ್ಸ್ ಸೀಮೆಯಲ್ಲಿ, ಗವರ್ನರ್ ಆಗಿ ಬಡ್ತಿ ಪಡೆದವನು. ಅವನ ಪ್ರತಿಮೆಯನ್ನು ನಿಲ್ಲಿಸಿದ್ದು ಯಾರು? ಸಿಲ್ಯೂರೀಸರ ಪೌರಸಭೆ, ತನ್ನ ಸದಸ್ಯರ ನಿರ್ಣಯದ ಮೇರೆಗೆ. ಲೀಜನ್ನನ್ನು ಸೋಲಿಸಿದವರ ಮಕ್ಕಳ ಮಕ್ಕಳು ಈಗ ಸಭೆ ಸೇರಿ ಗೊತ್ತುವಳಿ ಮಾಡಿ, ಲೀಜನ್ನೊಂದರ ಮಾಜಿ ದಂಡನಾಯಕನಿಗೆ ಗೌರವ ಸಲ್ಲಿಸುತ್ತಿದ್ದಾರೆ. ಇದನ್ನು ಶರಣಾಗತಿ ಎಂದು ಓದಬಹುದು. ನನಗೆ ಹಾಗೆ ಕಾಣುವುದಿಲ್ಲ. 212ರ ರಾಜಾಜ್ಞೆಯಿಂದ ಸಾಮ್ರಾಜ್ಯದ ಎಲ್ಲ ಸ್ವತಂತ್ರ ಪ್ರಜೆಗಳಿಗೂ ಪೌರತ್ವ ಸಿಕ್ಕಿತ್ತು. ಇವರು ತಮ್ಮ ಬುಡಕಟ್ಟಿನ ಹೆಸರನ್ನು ಬಿಟ್ಟಿಲ್ಲ; ಅದನ್ನು ಆಳುವವರ ಭಾಷೆಯಲ್ಲಿ, ಆಳುವವರ ಪದ್ಧತಿಯಂತೆ, ಕಲ್ಲಿನಲ್ಲಿ ಕೊರೆಸಿದ್ದಾರೆ. ಸೋತು ನೂರೈವತ್ತು ವರ್ಷವಾದ ಮೇಲೂ ಅವರು ಸಿಲ್ಯೂರೀಸರೇ.

ಇನ್ನು ಕನ್ನಡ ನಾಡಿಗೆ ನಿಜವಾದ ಕೊಂಡಿಯೊಂದಿದೆ. ಅದು ಶುರುವಾಗುವುದು ವಾಯವ್ಯ ವೇಲ್ಸ್‌ನ ಕಾರ್ನಾರ್ವನ್ ಊರಿನ ಮೇಲಿರುವ ಸೆಗೊಂಟಿಯಂ ಕೋಟೆಯಲ್ಲಿ. 1921ರಲ್ಲಿ, ಮೂವತ್ತರ ಹರೆಯದ ಮಾರ್ಟಿಮರ್ ವೀಲರ್ ಟೆಸ್ಸಾರ ಜತೆಗೂಡಿ ಅಲ್ಲಿ ಅಗೆಯಲು ಶುರುಮಾಡಿದರು. ಆ ಕಾಲದ ಉತ್ಖನನ ಎಂದರೆ ಗೋಡೆ ಹುಡುಕಿ ಅದರ ಗುಂಟ ಮಣ್ಣು ತೆಗೆಯುವುದು. ವೀಲರ್ ದಂಪತಿ ಗೋಡೆಗಿಂತ ಮಣ್ಣಿನ ಪದರಗಳನ್ನು ಮುಖ್ಯ ಮಾಡಿದರು: ಯಾವ ಪದರದ ಮೇಲೆ ಯಾವುದು, ಪ್ರತಿ ಪದರದಲ್ಲಿ ಯಾವ ಮಡಕೆ ಚೂರು, ಯಾವ ನಾಣ್ಯ. ರೋಮನ್ನರ ಕೆಂಪು ಹೊಳಪಿನ ಮಡಕೆಗಳ ಕಾಲ ಗೊತ್ತಿದ್ದರಿಂದ ಪದರದ ಕಾಲವನ್ನೂ ಹೇಳಬಹುದಿತ್ತು. ಬ್ರೆಕನ್ ಗೇರ್, ಕೇರ್ಲಿಯನ್, ಆಮೇಲೆ ಇಂಗ್ಲೆಂಡಿನ ವೆರುಲೇಮಿಯಂ, ಹೀಗೆ ಆ ಪದ್ಧತಿ ಪಕ್ವವಾಯಿತು. ಟೆಸ್ಸಾ 1936ರಲ್ಲಿ ತೀರಿಕೊಂಡರು.

1944ರಲ್ಲಿ ವೀಲರ್ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿ ಬಂದರು. ಬಂದ ವರ್ಷವೇ ತಕ್ಷಶಿಲೆಯಲ್ಲಿ ತರಬೇತಿ ಶಾಲೆ ನಡೆಸಿದರು. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅಗೆದಾಗ ಇಟಲಿಯ ಅರೆಟ್ಸೊ ಊರಿನ ಕೆಂಪು ಮಡಕೆಯ ಚೂರುಗಳು ಸಿಕ್ಕವು. ಅದೇ ಪದರಗಳಲ್ಲಿ, ಒಳತಳದಲ್ಲಿ ಸಾಲುಸಾಲು ಗೀರಿನ ಅಲಂಕಾರವಿರುವ ಪಾತ್ರೆಗಳೂ ಇದ್ದವು. ಇಟಲಿಯ ಮಡಕೆಯ ಕಾಲ ಗೊತ್ತಿತ್ತು, ಅದರಿಂದ ಇವುಗಳ ಕಾಲವೂ ಗೊತ್ತಾಯಿತು. ಆ ಗೀರು ಪಾತ್ರೆಗಳ ಜಾಡು ಹಿಡಿದು ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಗೆ ಬಂದರು. ಅಶೋಕನ ಶಾಸನಗಳಿರುವ ಬ್ರಹ್ಮಗಿರಿಯಲ್ಲಿ ಮತ್ತು ಚಿತ್ರದುರ್ಗ ಕೋಟೆಯ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಅಗೆದರು. ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅದಕ್ಕೂ ಮುಂಚೆಯೇ ಉತ್ಖನನ ನಡೆಸಿದ್ದರು. ರೋಮನ್ ಬೆಳ್ಳಿ ನಾಣ್ಯಗಳು ಅಲ್ಲಿ ಹೊಸತಾಗಿರಲಿಲ್ಲ. ವೀಲರ್‌ಗೂ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯ ಸಿಕ್ಕಿತು, ಶಾತವಾಹನರ ನಾಣ್ಯಗಳು ಬಂದ ಅದೇ ನೆಲೆಯಲ್ಲಿ. ದಕ್ಷಿಣ ಭಾರತದ ಪ್ರಾಚೀನ ಪದರಗಳಿಗೆ ಒಂದು ಕಾಲದ ಗೂಟ ನೆಟ್ಟದ್ದು ಹೀಗೆ. ಅದರ ಪಾಠಶಾಲೆ ವೇಲ್ಸ್‌ನ ಕೋಟೆಗಳು.

ಟೈಬೀರಿಯಸ್ ಸತ್ತದ್ದು 37ರಲ್ಲಿ. ಅಂದರೆ ಅವನ ಮುಖವಿರುವ ನಾಣ್ಯ ಅಚ್ಚಾದಾಗ ಬ್ರಿಟನ್ನಿನಲ್ಲಿ ಒಬ್ಬ ರೋಮನ್ ಸಿಪಾಯಿಯೂ ಠಾಣ್ಯ ಹೂಡಿರಲಿಲ್ಲ. ನಮ್ಮ ಕಡೆಗೆ ರೋಮ್ ಬಂದದ್ದು ಮೆಣಸು, ಮುತ್ತು, ಹತ್ತಿ ಬಟ್ಟೆಗೆ ಬೆಲೆ ಕೊಡುವ ಬೆಳ್ಳಿ, ಬಂಗಾರವಾಗಿ. ಯಶವಂತಪುರದಲ್ಲಿ 1891ರಲ್ಲಿ ಅಂಥ ಬೆಳ್ಳಿಯ ಗಂಟೇ ಸಿಕ್ಕಿತ್ತು. ಭಾರತಕ್ಕೆ ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸ್ ನಾಣ್ಯ ಹರಿದುಹೋಗುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಗೊಣಗಿದ್ದು ಆ ಶತಮಾನದಲ್ಲೇ. ಅತ್ತ ಡೊಲೈಕೊಥಿಯಂಥ ಗಣಿಗಳಲ್ಲಿ ಕಸಿದುಕೊಳ್ಳುವ ರೋಮ್. ಇತ್ತ ಬಂದರುಗಳಲ್ಲಿ ಎಣಿಸಿ ಕೊಡುವ ರೋಮ್. ಒಂದೇ ಸಾಮ್ರಾಜ್ಯದ ಈ ಎರಡು ಮುಖಗಳನ್ನು ಒಟ್ಟಿಗೆ ನೋಡದೆ ಅದರ ಗುಣಗಾನವನ್ನಾಗಲಿ ಖಂಡನೆಯನ್ನಾಗಲಿ ಮಾಡುವುದು ನನಗೆ ಅರ್ಧ ಓದು ಎನಿಸುತ್ತದೆ.

ದಂಡು ಹೋದದ್ದು ಒಂದೇ ದಿನದಲ್ಲಲ್ಲ. 2ನೇ ಶತಮಾನದಲ್ಲೇ ಕೇರ್ಲಿಯನ್ನಿನ ಸೈನಿಕರು ಉತ್ತರಕ್ಕೆ ಹೋಗಿ ಹೇಡ್ರಿಯನ್ ಗೋಡೆ ಕಟ್ಟಿದರು. ಹಲವು ಬೆಟ್ಟದ ಕೋಟೆಗಳು ಖಾಲಿಯಾದವು. 3ನೇ ಶತಮಾನದ ಕೊನೆಗೆ ಕೇರ್ಲಿಯನ್ನಿನ ಮುಖ್ಯ ಕಟ್ಟಡಗಳನ್ನೇ ಕೆಡವಿದರು. ಐರಿಷ್ ಕಡಲ್ಗಳ್ಳರ ಭಯಕ್ಕೆ ಕಾರ್ಡಿಫ್‌ನಲ್ಲಿ, ಆಂಗಲ್‌ಸೀ ಬಳಿಯ ಹೋಲಿಹೆಡ್‌ನಲ್ಲಿ ಹೊಸ ಕೋಟೆಗಳೆದ್ದವು. ಹೋಲಿಹೆಡ್ ಕೋಟೆಯೊಳಗೆ ಈಗ ಚರ್ಚಿದೆ. ಕಾರ್ಡಿಫ್ ಕೋಟೆಯ ಹೊರಗೋಡೆಯನ್ನು ಎಷ್ಟೋ ಶತಮಾನಗಳ ಮೇಲೆ ಅದರ ಒಡೆಯರಾದ ಬ್ಯೂಟ್ ಮನೆತನದವರು ಹಳೆಯ ತಳಪಾಯದ ಮೇಲೆ ಮತ್ತೆ ಕಟ್ಟಿಸಿದಾಗ, ಎಲ್ಲಿಯವರೆಗೆ ರೋಮನ್ ಕೆಲಸ, ಎಲ್ಲಿಂದ ತಮ್ಮದು ಎಂದು ತಿಳಿಯಲು ಕೆಂಪು ಕಲ್ಲಿನ ಗೆರೆ ಹಾಕಿಸಿದರು. ಹಳತು ಹೊಸತನ್ನು ಬೆರೆಸಿ ಕಣ್ಣು ಕಟ್ಟದ ಆ ಪ್ರಾಮಾಣಿಕತೆ ನಮ್ಮ ಜೀರ್ಣೋದ್ಧಾರದ ಕೆಲಸಗಳಲ್ಲೂ ಇದ್ದಿದ್ದರೆ ಎನಿಸುತ್ತದೆ.

383ರಲ್ಲಿ ಬ್ರಿಟನ್ನಿನ ಸೇನೆ ಮ್ಯಾಗ್ನಸ್ ಮ್ಯಾಕ್ಸಿಮಸ್ ಎಂಬ ಸ್ಪೇನ್ ಮೂಲದ ದಂಡನಾಯಕನನ್ನು ಚಕ್ರವರ್ತಿ ಎಂದು ಸಾರಿತು. ಅವನು ಪಡೆಯೊಂದಿಗೆ ಗೌಲ್‌ಗೆ ದಾಟಿದ, ಐದು ವರ್ಷ ಮೆರೆದ, 388ರಲ್ಲಿ ಇಟಲಿಯಲ್ಲಿ ತಲೆ ಕಳೆದುಕೊಂಡ. ರೋಮನ್ ಇತಿಹಾಸದಲ್ಲಿ ಅವನೊಬ್ಬ ಸೋತ ಬಂಡುಕೋರ. ವೇಲ್ಸ್‌ನಲ್ಲಿ ಅವನೇ ಮ್ಯಾಕ್ಸೆನ್ ವ್ಲೆಡಿಗ್. ಮಧ್ಯಯುಗದ ವೇಲ್ಸ್ ಕಥೆಯ ಪ್ರಕಾರ ರೋಮ್‌ನ ಚಕ್ರವರ್ತಿ ಮ್ಯಾಕ್ಸೆನ್ ಕನಸಿನಲ್ಲಿ ಕಂಡ ಹೆಣ್ಣನ್ನು ಹುಡುಕಿಸಿ, ಕೊನೆಗೆ ಕಾರ್ನಾರ್ವನ್‌ನಲ್ಲಿ ಎಲೆನ್‌ಳನ್ನು ಕಂಡು ಮದುವೆಯಾಗುತ್ತಾನೆ. ಬೆಟ್ಟಗಳ ನಡುವಿನ ರೋಮನ್ ರಸ್ತೆಗಳನ್ನು ಜನ ಸಾರ್ನ್ ಹೆಲೆನ್, ಅಂದರೆ ಎಲೆನ್‌ಳ ದಾರಿ, ಎಂದು ಈಗಲೂ ಕರೆಯುತ್ತಾರೆ. ಲಾಂಗೋಲನ್ ಬಳಿ ಎಲಿಸೆಗ್ ಸ್ತಂಭ ಎಂಬ 9ನೇ ಶತಮಾನದ ಕಂಬವಿದೆ. ವೇಲ್ಸ್‌ನ ಪೋವಿಸ್ ಸೀಮೆಯ ರಾಜರು ಮ್ಯಾಕ್ಸಿಮಸ್‌ನ ಮಗಳ ಸಂತಾನ ಎಂದು ಅದರಲ್ಲಿ ಬರೆದಿತ್ತು. ಅಕ್ಷರಗಳು ಈಗ ಸವೆದುಹೋಗಿವೆ. 1696ರಲ್ಲಿ ವಿದ್ವಾಂಸ ಎಡ್ವರ್ಡ್ ಲೂಯಿಡ್ ನಕಲು ಮಾಡಿಟ್ಟದ್ದರಿಂದ ನಮಗೆ ಗೊತ್ತು.

ಈ ವಂಶಾವಳಿಯ ಬೆಲೆಯನ್ನು ಶತ್ರುವೂ ಅರಿತಿದ್ದ. 1283ರಲ್ಲಿ ವೇಲ್ಸನ್ನು ಗೆದ್ದ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ತನ್ನ ದೊಡ್ಡ ಕೋಟೆಗೆ ಆರಿಸಿಕೊಂಡದ್ದು ಸೆಗೊಂಟಿಯಂನ ಬುಡದ ಕಾರ್ನಾರ್ವನ್ನನ್ನೇ. ಅಲ್ಲಿ ಮ್ಯಾಕ್ಸಿಮಸ್‌ನ ಶವ ಸಿಕ್ಕಿತೆಂದೂ ದೊರೆ ಅದನ್ನು ಮರ್ಯಾದೆಯಿಂದ ಚರ್ಚಿನಲ್ಲಿ ಹೂಳಿಸಿದನೆಂದೂ ಆ ಕಾಲದ ವೃತ್ತಾಂತ ಹೇಳುತ್ತದೆ. ಕೋಟೆಯ ಬತೇರಿಗಳು ದುಂಡಗಿಲ್ಲ, ಬಹುಕೋನ; ಗೋಡೆಯಲ್ಲಿ ಬಣ್ಣದ ಕಲ್ಲಿನ ಪಟ್ಟೆಗಳು, ಕಾನ್‌ಸ್ಟಾಂಟಿನೋಪಲ್‌ನ ಗೋಡೆಯಂತೆ. ಸೋತವರ ಅಜ್ಜನನ್ನು ಗೆದ್ದವನು ತನ್ನವನೆಂದು ಹೇಳಿಕೊಳ್ಳುವ ಹುನ್ನಾರ ಕಲ್ಲಿನಲ್ಲಿ ನಿಂತಿದೆ. ಹುನ್ನಾರ ಫಲಿಸಲಿಲ್ಲ. 1983ರಲ್ಲಿ ಗಾಯಕ ದವಿದ್ ಇವಾನ್, ವೇಲ್ಸ್ ಭಾಷೆ ಮತ್ತು ಜನ ಎಲ್ಲ ಕಷ್ಟ ದಾಟಿ ಇನ್ನೂ ಉಳಿದಿದ್ದಾರೆ ಎಂದು ಸಾರುವ ‘ಅಮ ಓ ಹೀಡ್’ ಹಾಡು ಬರೆದಾಗ ಅದನ್ನು ಮ್ಯಾಕ್ಸೆನ್‌ನ ನೆನಪಿನಿಂದಲೇ ಶುರುಮಾಡಿದರು. 2022ರ ಜೂನ್ 5ರಂದು ವೇಲ್ಸ್ ಫುಟ್‌ಬಾಲ್ ತಂಡ ಉಕ್ರೇನನ್ನು ಸೋಲಿಸಿ, 1958ರ ನಂತರ ಮೊದಲ ಬಾರಿ ವಿಶ್ವಕಪ್‌ಗೆ ಅರ್ಹತೆ ಗಳಿಸಿದಾಗ ಇವಾನ್ ಕಾರ್ಡಿಫ್‌ನ ಮೈದಾನದಲ್ಲಿ ನಿಂತು ಆ ಹಾಡು ಹಾಡಿದರು, ಕ್ರೀಡಾಂಗಣ ದನಿಗೂಡಿಸಿತು.

ಹಾಡು ನೆನೆಯುವುದು ದಂಡು ಹೋದ ವರ್ಷವನ್ನು. ಅದು ಬಂದ ವರ್ಷಗಳ ಲೆಕ್ಕ ಇನ್ನೂ ನಡೆಯುತ್ತಿದೆ. 2010–11ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದವರು ಕೇರ್ಲಿಯನ್ನಿನಲ್ಲಿ ನೆಲ ಅಗೆಯದೆ ಒಳಗನ್ನು ಅಳೆಯುವ ಉಪಕರಣ ಹಿಡಿದು ನಡೆದಾಗ, ಆಂಫಿಥಿಯೇಟರ್ ಮತ್ತು ನದಿಯ ನಡುವೆ ಯಾರಿಗೂ ಗೊತ್ತಿಲ್ಲದ ಭಾರಿ ಕಟ್ಟಡಗಳ ಸಮೂಹವೇ ಕಂಡಿತು. ನದಿಯಂಚಿನಲ್ಲಿ ರೋಮನ್ ಬಂದರಿನ ಗುರುತೂ ಸಿಕ್ಕಿತು. 2018ರ ಬೇಸಿಗೆಯಲ್ಲಿ ತೀವ್ರ ಒಣಹವೆಗೆ ಪೈರು ಸೊರಗಿದಾಗ, ಹೂತುಹೋದ ಕಂದಕಗಳ ಮೇಲಿನ ಪೈರು ಮಾತ್ರ ಹಸಿರಾಗಿ ಉಳಿಯಿತು. ಕಂದಕದ ಮಣ್ಣು ಆಳ, ತೇವ ಹಿಡಿಯುತ್ತದೆ. ವಿಮಾನದಿಂದ ತೆಗೆದ ಆ ಫೋಟೊಗಳಲ್ಲಿ ಹೊಸ ಕೋಟೆಗಳು, ದಂಡು ಹಾದುಹೋಗುವಾಗ ಒಂದೆರಡು ರಾತ್ರಿಗೆ ಹೂಡಿದ ಪಾಳಯಗಳು ಕಂಡವು. ಅವುಗಳಲ್ಲಿ ಕೆಲವು ಇರುವುದು ಕೇರ್ವೆಂಟ್ ಸುತ್ತಮುತ್ತ, ಸಿಲ್ಯೂರೀಸರ ನೆಲದಲ್ಲೇ. ಆಸ್ಟೋರಿಯಸ್‌ನಿಂದ ಫ್ರಾಂಟಿನಸ್‌ವರೆಗೆ ಕಾಲು ಶತಮಾನ ನಡೆದ ಆ ಯುದ್ಧದ ದಾರಿಗಳನ್ನು ವಿದ್ವಾಂಸರು ಈಗ ಹೊಸ ನಕ್ಷೆಯ ಮೇಲೆ ಮತ್ತೆ ಗುರುತಿಸಬೇಕಾಗಿದೆ.